ನಮ್ಮನೆಯ ಒರಳುಕಲ್ಲು ಕಾಣೆಯಾಗಿದೆ

ಕೊಚ್ಚಿಯ ಆಸ್ಪಿನ್‌ವಾಲ್ ಹೌಸಿನಲ್ಲಿ ನನ್ನ ಹೆಂಡತಿ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಒರಳುಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಅಂಚನ್ನು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಅಷ್ಟು ಹೊತ್ತಿಗೆ ಇಪ್ಪತ್ತು ಕಲ್ಲು ಮುಗಿದಿದ್ದವು. ಇನ್ನೂ ನೂರೈವತ್ತು ಬಾಕಿ. ಸ್ವಲ್ಪ ದೂರದಲ್ಲಿ ಒಂದು ವಿದೇಶಿ ಜೋಡಿ ಕೈಕಟ್ಟಿ, ಗರ್ಭಗುಡಿಯ ಮುಂದೆ ನಿಂತಷ್ಟು ಭಕ್ತಿಯಿಂದ ಅವಳನ್ನೇ ನೋಡುತ್ತಿತ್ತು. ಯಜಮಾನರು ನನ್ನ ಹತ್ತಿರ ಬಂದು, ಈ ಪರ್ಫಾರ್ಮೆನ್ಸು ದಿನಕ್ಕೆ ಎಷ್ಟು ಸಲ ಇರುತ್ತದೆ ಎಂದು ಪಿಸುದನಿಯಲ್ಲಿ ಕೇಳಿದರು. ಮೂವತ್ತು ವರ್ಷದಿಂದ ನಡೆಯುತ್ತಿದೆ ಸ್ವಾಮಿ, ಮಧ್ಯಂತರವೂ ಇಲ್ಲ ಎಂದು ಹೇಳೋಣವೆಂದು ನಾಲಿಗೆ ತುದಿಗೆ ಬಂದಿತ್ತು. ಆದರೆ ನನ್ನ ಇಂಗ್ಲಿಷು ತಮಾಷೆಗೆ ಒಗ್ಗುವ ಜಾತಿಯದಲ್ಲ. ‘ಶೀ ಈಸ್ ಮೈ ವೈಫ್’ ಎಂದೆ. ಅವರು ಇನ್ನಷ್ಟು ಗೌರವದಿಂದ ತಲೆಯಾಡಿಸಿ, ನನ್ನನ್ನೂ ಕಲಾವಿದರ ಲೆಕ್ಕಕ್ಕೆ ಸೇರಿಸಿಕೊಂಡು ಹೋದರು.

ಅವಳು ಹುಡುಕುತ್ತಿದ್ದುದು ನಮ್ಮ ಮನೆಯ ಕಲ್ಲನ್ನು.

ಅದು 2013ರ ಜನವರಿ. ಹಿಂದಿನ ತಿಂಗಳಷ್ಟೇ, ಹನ್ನೆರಡನೇ ಇಸವಿಯ ಹನ್ನೆರಡನೇ ತಿಂಗಳ ಹನ್ನೆರಡನೇ ತಾರೀಕು, ಕೊಚ್ಚಿ-ಮುಜಿರಿಸ್ ಬಿನಾಲೆ ಮೊದಲ ಬಾರಿಗೆ ಶುರುವಾಗಿತ್ತು. ಬಿನಾಲೆ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲೆಯ ಜಾತ್ರೆ ಎಂದು ಮಗಳು ವಿವರಿಸಿದ್ದಳು. ಇಂಜಿನಿಯರಿಂಗ್ ಬೇಡ, ಚಿತ್ರಕಲೆ ಓದುತ್ತೇನೆ ಎಂದು ಹಟ ಹಿಡಿದು ಓದಿದವಳು ಅವಳು. ಅವಳ ಓದಿಗೆ ನಾನು ಸುರಿದ ದುಡ್ಡು ಎಲ್ಲಿ ಹೋಯಿತು ಎಂಬುದನ್ನು ತೋರಿಸಲೆಂದೇ ನಮ್ಮಿಬ್ಬರನ್ನು ರೈಲು ಹತ್ತಿಸಿಕೊಂಡು ಬಂದಿದ್ದಳು. ಬಂದು ನೋಡಿದರೆ, ಹಿಂದೊಂದು ಕಾಲದಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಮೆಣಸು ಶುಂಠಿ ಅರಿಸಿನ ತುಂಬಿಡುತ್ತಿದ್ದ ಕಡಲಂಚಿನ ಆ ಗೋದಾಮಿನಲ್ಲಿ ಬೆಂಗಳೂರಿನ ಒರಳುಕಲ್ಲುಗಳು ಕೂತಿದ್ದವು. ಸುಮಾರು ನೂರ ಎಪ್ಪತ್ತು. ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಟ್ಸ್ ಎಂಬ ಕಲಾವಿದ ದಂಪತಿ ನಮ್ಮೂರಿನ ಬೀದಿಗಳಲ್ಲಿ ಅನಾಥವಾಗಿ ಬಿದ್ದಿದ್ದ ಕಲ್ಲುಗಳನ್ನು ಒಟ್ಟುಮಾಡಿ ಇಲ್ಲಿಗೆ ತಂದಿದ್ದರು. ಕೃತಿಯ ಹೆಸರು ‘ಸ್ಟಾಪೋವರ್’. ದಾರಿ ಮಧ್ಯದ ತಂಗುದಾಣ ಎನ್ನಬಹುದು.

‘ಮಸಾಲೆ ಇಲ್ಲಿತ್ತು, ಕಲ್ಲು ಅಲ್ಲಿತ್ತು. ಅಂತೂ ಸೇರಿದವು’ ಎಂದು ಹೆಂಡತಿ ಒಳಗೆ ಕಾಲಿಟ್ಟ ತಕ್ಷಣ ಹೇಳಿದಳು. ಕಲಾವಿಮರ್ಶೆ ಓದುವ ಅಭ್ಯಾಸ ನನಗೆ ಸ್ವಲ್ಪ ಇದೆ. ಇಷ್ಟು ಚಿಕ್ಕದಾಗಿ ಮುಗಿಸಿದ ವಿಮರ್ಶಕರನ್ನು ನಾನು ಕಂಡಿಲ್ಲ.

ಆಮೇಲೆ ಅವಳು ಕಲ್ಲುಗಳನ್ನು ಓದತೊಡಗಿದಳು. ಇದು ಹೋಟೆಲಿನದು, ಇಷ್ಟು ದೊಡ್ಡ ಬಾಯಿ ಮನೆಯಲ್ಲಿ ಯಾರಿಟ್ಟುಕೊಳ್ಳುತ್ತಾರೆ. ಇದು ಬರೀ ಚಟ್ನಿಗೆ. ಇದರ ಗುಂಡಿ ಒಂದೇ ಕಡೆ ಸವೆದಿದೆ ನೋಡಿ, ಗೋಡೆ ಮೂಲೆಯಲ್ಲಿ ಹೂತಿದ್ದರು ಅಂತ ಕಾಣುತ್ತೆ, ಪಾಪ ಅವಳಿಗೆ ಸುತ್ತ ಸರಿದು ಕೂರಲು ಜಾಗವಿರಲಿಲ್ಲ. ಇದು ಹೊಸ ಕಲ್ಲು, ರುಬ್ಬಿದ್ದೇ ಇಲ್ಲ, ಮಗಳ ಮದುವೆಗೆ ಕೊಟ್ಟಿರಬೇಕು, ಅಷ್ಟರಲ್ಲಿ ಮಿಕ್ಸಿ ಬಂತು. ಮಗಳು ನನ್ನ ಕಡೆ ನೋಡಿದಳು. ಐದು ವರ್ಷ ಫೀಸು ಕಟ್ಟಿ ಅವಳು ಕಲಿತದ್ದನ್ನು ಅವಳಮ್ಮ ಪುಕ್ಕಟೆಯಾಗಿ ಒದರುತ್ತಿದ್ದಳು.

ನಮ್ಮ ಕಲ್ಲಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ತಂದೆ ಕಟ್ಟಿಸಿದ ಹೆಂಚಿನ ಮನೆ. ಅದರ ಅಡುಗೆಮನೆಗೆ ಸೇರಿದ ಹಿತ್ತಿಲ ಪಡಸಾಲೆಯಲ್ಲಿ ಈ ಕಲ್ಲು. ಅಮ್ಮ ಅದರ ಮುಂದೆ ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ ಕೂರುತ್ತಿದ್ದಳು. ಬಲಗೈ ಗುಂಡು ತಿರುಗಿಸಿದರೆ ಎಡಗೈ ಹಿಟ್ಟನ್ನು ಒಳಕ್ಕೆ ತಳ್ಳುತ್ತಿತ್ತು. ಗುಂಡು ಬರುವುದಕ್ಕೂ ಬೆರಳು ಸರಿಯುವುದಕ್ಕೂ ನಡುವೆ ಕೂದಲೆಳೆಯಷ್ಟೇ ಅಂತರ. ಒಂದು ದಿನವೂ ಬೆರಳು ಸಿಕ್ಕಿಕೊಂಡದ್ದಿಲ್ಲ. ಶಾಸ್ತ್ರೀಯ ನೃತ್ಯದಲ್ಲಿ ಇಷ್ಟು ತಾಳಜ್ಞಾನ ತೋರಿಸಿದರೆ ಶಾಲು ಹೊದಿಸುತ್ತಾರೆ. ಉದ್ದಿನಬೇಳೆ ಹೂವಿನ ಹಾಗೆ ಉಬ್ಬಬೇಕು, ಅಕ್ಕಿ ಸಣ್ಣ ತರಿಯಾಗಬೇಕು. ನಡುವೆ ಚಿಟಿಕೆ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ತಿಕ್ಕಿ ನೋಡಿ ‘ಊಹೂಂ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆ ‘ಊಹೂಂ’ ನನಗೆ ಈಗಲೂ ಕೇಳಿಸುತ್ತದೆ. ಏನಾದರೂ ಬರೆದು ಓದಿಕೊಂಡಾಗ ವಿಶೇಷವಾಗಿ ಕೇಳಿಸುತ್ತದೆ.

ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬೀದಿಯಲ್ಲಿ ‘ಕಲ್ಲಿಗೆ ಉಳಿ ಹೊಡೀತೀವಮ್ಮೋ’ ಎಂದು ಕೂಗುತ್ತ ಒಬ್ಬ ಬರುತ್ತಿದ್ದ. ನುಣುಪಾದ ಕಲ್ಲಿಗೆ ಮತ್ತೆ ಹಲ್ಲು ಬರಿಸುವ ಕೆಲಸ ಅವನದು. ನನಗೆ ಏಳು ವರ್ಷವಿದ್ದಾಗ, ಆಗ ತಾನೇ ಸ್ಲೇಟಿನ ಅಕ್ಷರಗಳ ಹುಚ್ಚು ಹತ್ತಿದ್ದರಿಂದ, ಕಲ್ಲಿನ ಅಂಚಿನ ಮೇಲೆ ನನ್ನ ಹೆಸರಿನ ಮೊದಲಕ್ಷರ ಕೆತ್ತಿಕೊಡು ಎಂದು ಅವನನ್ನು ಗೋಗರೆದೆ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಸೀಮೆಸುಣ್ಣದಲ್ಲಿ ಬರೆದುಕೊಟ್ಟ ‘ಅ’ದ ಮೇಲೆ ಉಳಿ ಆಡಿಸಿದ. ಬಾಲ ಮುರಿದ ಕಾಗೆಯಂತೆ ಒಂದು ಆಕಾರ ಮೂಡಿತು. ಬೇಲೂರಿನ ಕೆಲವು ಮದನಿಕೆಯರ ಬುಡದಲ್ಲಿ ಶಿಲ್ಪಿಗಳು ಹೆಸರು ಕೆತ್ತಿದ್ದಾರಲ್ಲ, ಹಾಗೆ ನಮ್ಮ ಕಲ್ಲಿಗೂ ಒಂದು ಸಹಿ ಬಿತ್ತು ಎಂದು ಬಹಳ ವರ್ಷ ಜಂಬಪಟ್ಟಿದ್ದೆ. ಮೂವತ್ತು ವರ್ಷ ಅದರ ಮುಂದೆ ಕೂತು ರುಬ್ಬಿದವಳು ಅಮ್ಮ, ಸಹಿ ನನ್ನದು ಎಂಬುದು ಹೊಳೆಯಲು ಕೊಚ್ಚಿಗೇ ಹೋಗಬೇಕಾಯಿತು. ಆ ಮೂವತ್ತು ವರ್ಷದಲ್ಲಿ ಕಲ್ಲಿನ ಗುಂಡಿ ಅರ್ಧ ಬೆರಳಿನಷ್ಟು ಆಳವಾಗಿತ್ತು. ಅಷ್ಟೂ ಕಲ್ಲು ಎಲ್ಲಿ ಹೋಯಿತು? ಇಡ್ಲಿಯ ಜೊತೆ ನಮ್ಮ ಹೊಟ್ಟೆಗೇ ಹೋಗಿರಬೇಕು. ನಿಮ್ಮ ಮನೆಯವರ ಮೊಂಡುತನದ ಮೂಲ ಈಗ ಗೊತ್ತಾಯಿತು ಎಂದು ಹೆಂಡತಿ ಇದನ್ನು ಆಗಾಗ ನೆನೆಯುತ್ತಾಳೆ.

ಮಿಕ್ಸಿ ಬಂತು, ಕೊಯಮತ್ತೂರಿನ ಗ್ರೈಂಡರು ಬಂತು. ಗ್ರೈಂಡರಿನಲ್ಲಿ ಒಂದು ಸ್ವಾರಸ್ಯವಿದೆ. ಹಳೆಯ ಒರಳಿನಲ್ಲಿ ಒರಳು ಕೂತಿರುತ್ತದೆ, ಗುಂಡು ಸುತ್ತುತ್ತದೆ. ಗ್ರೈಂಡರಿನಲ್ಲಿ ಪಾತ್ರೆ ಸುತ್ತುತ್ತದೆ, ಗುಂಡು ಇದ್ದಲ್ಲೇ ಇರುತ್ತದೆ. ಮನೆಯೊಳಗೂ ಇಂಥದೇ ಅದಲುಬದಲು ಆಗುತ್ತದೆ ಎಂದು ಅಮ್ಮ ನಿರೀಕ್ಷಿಸಿದ್ದಳೋ ಏನೋ, ಹೇಳಲಿಲ್ಲ. 1998ರಲ್ಲಿ ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟುವವರಿಗೆ ಜಾಗ ಕೊಟ್ಟೆವು. ಮೂರನೇ ಮಹಡಿಯ ಫ್ಲ್ಯಾಟಿಗೆ ಒರಳು ಎಲ್ಲಿಂದ ಬರಬೇಕು? ಒಡೆದು ಹಾಕೋಣ ಎಂದ ಕೂಲಿಯವನಿಗೆ ಅಮ್ಮ ಎರಡೂ ಕೈ ಅಡ್ಡ ಹಿಡಿದಳು. ಅನ್ನ ಕೊಟ್ಟ ಕಲ್ಲನ್ನು ಒಡೆಯಬಾರದು. ಹಾಗೆಂದು ಇಟ್ಟುಕೊಳ್ಳಲೂ ಆಗದು. ಕೊನೆಗೆ ನಾಲ್ಕು ಜನ ಹೊರಳಿಸಿಕೊಂಡು ಹೋಗಿ ಬೀದಿ ತುದಿಯ ಹೊಂಗೆಮರದ ಕೆಳಗೆ ಇಟ್ಟರು. ಅಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ತಿರುಗಿ ನೋಡದೆ ಬಂದಳು. ಗುಂಡನ್ನು ಮಾತ್ರ ನನ್ನ ಹೆಂಡತಿ ಸೀರೆಗಳ ಮೂಟೆಯೊಳಗೆ ಸೇರಿಸಿ ತಂದಿದ್ದಳು. ಹೊಂಗೆಮರದ ಕೆಳಗೆ ಆಗಲೇ ಬೇರೆ ಮನೆಗಳ ಮೂರು ಕಲ್ಲುಗಳು ಬಂದು ಕೂತಿದ್ದವು. ಒಂದು ದಿನ ನಾಲ್ಕೂ ಇರಲಿಲ್ಲ.

ಕೊಚ್ಚಿಯಲ್ಲಿ ಅವಳು ಹುಡುಕುತ್ತಿದ್ದುದು ಆ ಬಾಲ ಮುರಿದ ಕಾಗೆಯನ್ನು. ಸ್ವಯಂಸೇವಕಿ ಹುಡುಗಿಯೊಬ್ಬಳು ಬಂದು ಏನಾದರೂ ಸಹಾಯ ಬೇಕೇ ಎಂದು ಕೇಳಿದಳು. ‘ನಮ್ಮತ್ತೆಯ ಕಲ್ಲು ಇದರಲ್ಲಿದೆಯೋ ನೋಡ್ತಿದೀನಿ’ ಎಂದು ಇವಳು ಕನ್ನಡದಲ್ಲೇ ಹೇಳಿದಳು. ಹುಡುಗಿ ಮಲಯಾಳಿ. ಅತ್ತೆ, ಕಲ್ಲು ಎರಡೂ ಅವಳಿಗೆ ಅರ್ಥವಾದವು. ಅವಳೂ ಪಕ್ಕದಲ್ಲಿ ಕೂತು ಅಂಚು ನೋಡತೊಡಗಿದಳು.

ಶೀಲಾ ಗೌಡರ ಬಗ್ಗೆ ಮಗಳು ಆ ಸಂಜೆ ಹೇಳಿದಳು. ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ ಮುಗಿಸಿ ಲಂಡನ್ನಿನ ರಾಯಲ್ ಕಾಲೇಜಿಗೂ ಹೋಗಿ ಚಿತ್ರ ಬರೆಯುವುದನ್ನು ಕಲಿತು, ತೊಂಬತ್ತರ ದಶಕದ ಆರಂಭದಲ್ಲಿ ಬಣ್ಣ ಬದಿಗಿಟ್ಟು ಸಗಣಿಗೆ ಕೈ ಹಾಕಿದವರು. ‘ಸಗಣಿ ತಟ್ಟೋಕೆ ಲಂಡನ್ನಿಗೆ ಹೋಗಬೇಕಿತ್ತಾ?’ ಎಂದು ನಾನು ಕೇಳಿದೆ. ಈ ಪ್ರಶ್ನೆಯನ್ನು ನನಗಿಂತ ಮುಂಚೆ ಎಷ್ಟೋ ಜನ ಕೇಳಿರುತ್ತಾರೆ, ಆದ್ದರಿಂದ ಅದು ನನ್ನದೆಂದು ಹೇಳಿಕೊಳ್ಳುವುದಿಲ್ಲ. ಹೆಂಡತಿಗೆ ಆಶ್ಚರ್ಯವಾಗಲಿಲ್ಲ. ಅವಳು ಹಳ್ಳಿಯವಳು. ಸಾರಿಸಿದ ನೆಲದ ಮೇಲೆ ಬೆರಳಿನ ಕಮಾನು ಕಮಾನು ಗೆರೆ ಮೂಡುತ್ತದಲ್ಲ, ಅದು ಅವರವರ ಕೈಗೆ ತಕ್ಕಂತೆ ಬೇರೆ, ನೆಲ ನೋಡಿಯೇ ಇವತ್ತು ಯಾರು ಸಾರಿಸಿದ್ದು ಅಂತ ಹೇಳಬಹುದಿತ್ತು ಎಂದಳು. ಸಹಿ ಎಲ್ಲಿರುತ್ತದೆ ಎಂಬುದು ನೋಡಲು ಬಂದವರಿಗೆ ಗೊತ್ತಾಗುತ್ತದೆ.

ಅವರದೇ ಇನ್ನೊಂದು ಕೃತಿಯ ಚಿತ್ರವನ್ನು ಮಗಳು ತೋರಿಸಿದಳು. ಗೋಡೆಯಿಂದ ಗೋಡೆಗೆ, ನೆಲದ ಮೇಲೆ, ಗಾಳಿಯಲ್ಲಿ ಸುತ್ತಿ ಸುರುಳಿಯಾಗಿ ಇಳಿಬಿದ್ದ ಕೆಂಪು ಹಗ್ಗ. ಹತ್ತಿರ ಹೋದರೆ ಅದು ಹಗ್ಗವಲ್ಲ, ನೂರಾರು ಅಡಿ ನೂಲಿನ ಎಳೆಗಳು. ಒಂದೊಂದು ಎಳೆಯನ್ನೂ ಸೂಜಿಯ ಕಣ್ಣಿನಲ್ಲಿ ಪೋಣಿಸಿ ಎಳೆದು, ಎಲ್ಲವನ್ನೂ ಕುಂಕುಮ ಮತ್ತು ಗೋಂದಿನಲ್ಲಿ ಮೆತ್ತಿ ಒಂದುಗೂಡಿಸಿದ್ದಾರೆ. ತುದಿಯಲ್ಲಿ ಆ ಸೂಜಿಗಳೆಲ್ಲ ಗೊಂಚಲಾಗಿ ನೇತಾಡುತ್ತವೆ. ಹೆಸರು, ನನ್ನ ನೋವನ್ನು ಅವನಿಗೆ ಹೇಳು ಎಂಬರ್ಥದ್ದು. ಸೂಜಿ ನೋಡಿದ ಕೂಡಲೇ ನನಗೆ ಮಾತಾಡುವ ಅಧಿಕಾರ ಬಂತು. ನಮ್ಮ ಮನೆಯಲ್ಲಿ ಸೂಜಿಗೆ ದಾರ ಪೋಣಿಸುವವನು ನಾನು. ಅವಳಿಗೆ ಚಾಳೀಸು ಬಂದ ಮೇಲೆ ಈ ಜವಾಬ್ದಾರಿ ನನಗೆ ಬಂತು. ಇದನ್ನು ನಾನು ‘ಹೊಲಿಗೆಯಲ್ಲಿ ಸಹಾಯ’ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದೂ ಉಂಟು. ಅಷ್ಟು ಸೂಜಿಗೆ ಅಷ್ಟು ಉದ್ದ ದಾರ ಎಂದರೆ ತಿಂಗಳುಗಟ್ಟಲೆ ಕೆಲಸ ಎಂದು ತಜ್ಞನಂತೆ ಅಭಿಪ್ರಾಯಪಟ್ಟೆ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಾತ್ರೆಗಳ ಕಲೆಯೂ ಇದೆ. ಸುಬೋಧ್ ಗುಪ್ತಾ ಸ್ಟೀಲಿನ ಪಾತ್ರೆಪಗಡಗಳನ್ನು ಜೋಡಿಸಿ ಮಾಡಿದ ಬೃಹತ್ ತಲೆಬುರುಡೆ ಜಗತ್ಪ್ರಸಿದ್ಧ. 2006ರದ್ದು. ಅದರ ಫೋಟೋ ನೋಡಿ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: ‘ತೊಳೆಯೋರು ಯಾರು?’

ನಾನು ನಕ್ಕೆ. ಮಗಳು ನಗಲಿಲ್ಲ. ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಜೀವಮಾನವಿಡೀ ಕಲೆ ಮಾಡಿದವರಿದ್ದಾರೆ ಎಂದು ಅಮೆರಿಕದ ಮಿಯರ್ಲ್ ಲ್ಯಾಡರ್‌ಮನ್ ಯೂಕಲೀಸ್ ಎಂಬಾಕೆಯ ಕಥೆ ತೆಗೆದಳು. ಆಕೆ ಕಲಾವಿದೆ. ಮಗು ಹುಟ್ಟಿದ ಮೇಲೆ ದಿನವೆಲ್ಲ ಒರೆಸು, ತೊಳೆ, ಬದಲಾಯಿಸು ಎಂದೇ ಆಯಿತು. ಕಲೆಗೆ ಹೊತ್ತಿಲ್ಲ. ಕಲಾವಿದೆ ನಾನೇ ಆದ ಮೇಲೆ ನಾನು ಮಾಡಿದ್ದೆಲ್ಲ ಕಲೆಯೇ, ಈ ಒರೆಸುವುದೂ ಕಲೆಯೇ ಎಂದು 1969ರಲ್ಲಿ ಒಂದು ಪ್ರಣಾಳಿಕೆ ಹೊರಡಿಸಿದಳು. 1973ರಲ್ಲಿ ಹಾರ್ಟ್‌ಫರ್ಡ್ ಎಂಬ ಊರಿನ ವ್ಯಾಡ್ಸ್‌ವರ್ತ್ ಅಥೀನಿಯಂ ಮ್ಯೂಸಿಯಮ್ಮಿಗೆ ಹೋಗಿ ಅದರ ಮೆಟ್ಟಿಲುಗಳನ್ನು ಬಕೆಟ್ಟು ನೀರು ಸುರಿದು, ಮಂಡಿಯೂರಿ, ಮಗುವಿನ ಲಂಗೋಟಿ ಬಟ್ಟೆಯಿಂದ ಉಜ್ಜಿದಳು.

ಮೆಟ್ಟಿಲಿಗಿಂತ ನನಗೆ ಹಿಡಿಸಿದ್ದು ಅದೇ ಮ್ಯೂಸಿಯಮ್ಮಿನ ಮಮ್ಮಿಯ ಕಥೆ. ಈಜಿಪ್ಟಿನ ಮಮ್ಮಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆ ಗಾಜನ್ನು ದಿನವೂ ಒರೆಸುವವನು ಮ್ಯೂಸಿಯಮ್ಮಿನ ಕೆಲಸದಾಳು. ಮೊದಲು ಅವನು ಎಂದಿನಂತೆ ಒರೆಸಿದ. ಆಮೇಲೆ ಈಕೆ ಒರೆಸಿದಳು, ಒರೆಸಿ ಇದು ನನ್ನ ಕಲಾಕೃತಿ ಎಂದು ಮುದ್ರೆ ಹಾಕಿದಳು. ಈಗ ತಂಟೆ ನೋಡಿ. ಕಲಾಕೃತಿಯನ್ನು ಮುಟ್ಟುವ ಹಕ್ಕು ಕೆಲಸದಾಳಿಗಿಲ್ಲ, ಅದಕ್ಕೆಂದೇ ಓದಿಕೊಂಡ ಸಂರಕ್ಷಣಾಧಿಕಾರಿಯೇ ಬರಬೇಕು. ಮೂರನೇ ಸಲ ಆತ ಬಂದು ಒರೆಸಿ, ಕೃತಿ ಸುಸ್ಥಿತಿಯಲ್ಲಿದೆ ಎಂದು ವರದಿ ಬರೆದ. ಅದೇ ಗಾಜು, ಅದೇ ಒರೆಸುವುದು, ಮೂರು ಜನ. ಒಬ್ಬನದು ಕೂಲಿ, ಒಬ್ಬಳದು ಕಲೆ, ಒಬ್ಬನದು ವಿಜ್ಞಾನ. ಒಳಗೆ ಮಲಗಿದ್ದ ಮಮ್ಮಿಗೆ ಮೂರಕ್ಕೂ ವ್ಯತ್ಯಾಸ ಕಂಡಿರಲಾರದು.

ಮುಂದೆ ಆಕೆ ನ್ಯೂಯಾರ್ಕ್ ನಗರದ ನೈರ್ಮಲ್ಯ ಇಲಾಖೆಗೆ ಸಂಬಳವಿಲ್ಲದ ಕಲಾವಿದೆಯಾಗಿ ಸೇರಿಕೊಂಡು, 1979ರಿಂದ ಮುಂದಿನ ವರ್ಷದವರೆಗೆ ಕಸ ಎತ್ತುವ 8,500 ಜನ ಕೆಲಸಗಾರರ ಕೈಕುಲುಕಿ, ಒಬ್ಬೊಬ್ಬರಿಗೂ ಧನ್ಯವಾದ ಹೇಳಿದಳಂತೆ. ಇದನ್ನು ಕೇಳಿ ಊರಿಗೆ ಬಂದ ಮೇಲೆ, ನಮ್ಮ ಬೀದಿಗೆ ಬೆಳಗಿನ ಆರಕ್ಕೇ ಬರುವ ಪೌರಕಾರ್ಮಿಕಳಿಗೆ ನಾನೂ ಕೈ ಚಾಚಿದೆ. ಆಕೆ ಗಾಬರಿಯಾಗಿ ಕೈಗೆ ಏನಾದರೂ ಕೊಡುತ್ತಿದ್ದೇನೋ ಎಂದು ಅಂಗೈ ನೋಡಿಕೊಂಡಳು. ನಾನು ಜೇಬು ತಡಕಿದೆ, ಇರಲಿಲ್ಲ. ಆಕೆಯ ಹೆಸರೇನು ಎಂದು ಹೆಂಡತಿಯನ್ನು ಕೇಳಿದರೆ, ಹೆಸರು, ಊರು, ಮಗನ ಎಸ್ಸೆಸ್ಸೆಲ್ಸಿ ಅಂಕಗಳ ಸಮೇತ ಹೇಳಿದಳು. ಕಲೆಯನ್ನು ಅನುಕರಿಸುವುದು ಅಷ್ಟು ಸುಲಭವಲ್ಲ.

ಆದರೆ ಅಮೆರಿಕದವರು ಕಂಡುಹಿಡಿದರು ಎಂದು ನಾನು ತಲೆ ತಗ್ಗಿಸಲು ತಯಾರಿಲ್ಲ. ನಮ್ಮ ವಿರಾಟಪರ್ವ ಇದೆಯಲ್ಲ. ಒಂದು ವರ್ಷ ಯಾರ ಕಣ್ಣಿಗೂ ಬೀಳದಂತೆ ಇರಬೇಕು ಎಂದಾಗ ಪಾಂಡವರು ಕಾಡಿನ ಗುಹೆಗೆ ಹೋಗಲಿಲ್ಲ, ಅರಮನೆಗೇ ಹೋದರು. ಭೀಮ ಅಡುಗೆಮನೆ ಸೇರಿದ. ದ್ರೌಪದಿ ರಾಣಿಗೆ ತಲೆ ಬಾಚುವವಳಾದಳು. ಅರ್ಜುನ ಗಂಡಸೆಂಬ ಗುರುತನ್ನೇ ಕಳಚಿಟ್ಟು ಬೃಹನ್ನಳೆಯಾಗಿ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸಿದ. ದುರ್ಯೋಧನನ ಗೂಢಚಾರರು ಬೆಟ್ಟ ಬಯಲೆಲ್ಲ ಜಾಲಾಡಿ ಬರಿಗೈಯಲ್ಲಿ ಮರಳಿದರು. ಸೌಟು ಹಿಡಿದವನ ಮುಖವನ್ನು ಯಾರೂ ನೋಡುವುದಿಲ್ಲ ಎಂಬುದು ವ್ಯಾಸರಿಗೆ ಗೊತ್ತಿತ್ತು. ಅಡುಗೆಮನೆಯಂಥ ಅಜ್ಞಾತವಾಸದ ಜಾಗ ಇನ್ನೊಂದಿಲ್ಲ. ಅಮ್ಮ ಅಲ್ಲಿ ಐವತ್ತು ವರ್ಷ ಇದ್ದಳು, ಒಬ್ಬ ಗೂಢಚಾರನೂ ಪತ್ತೆ ಹಚ್ಚಲಿಲ್ಲ. ಈ ಸಂಸಾರದಲ್ಲಿ ಧರ್ಮರಾಯ ಮಾತ್ರ ಅಲ್ಲೂ ಹೋಗಿ ರಾಜನ ಜೊತೆ ಪಗಡೆಯಾಡುತ್ತ ಕೂತ ಎಂಬುದನ್ನು ನನ್ನ ಹೆಂಡತಿ ನನ್ನ ಕಡೆ ನೋಡುತ್ತ ನೆನಪಿಸಿದಳು. ಒಂದೇ ವರ್ಷ ಸೌಟು ಹಿಡಿದ ಭೀಮನ ಹೆಸರಿನಲ್ಲಿ ಭೀಮಪಾಕ, ವೇಷ ಮರೆಸಿಕೊಂಡಿದ್ದಾಗ ಅಡುಗೆ ಮಾಡಿದ ನಳನ ಹೆಸರಿನಲ್ಲಿ ನಳಪಾಕ. ದಮಯಂತಿಪಾಕ ಎಂಬ ಮಾತನ್ನು ನೀವು ಕೇಳಿದ್ದೀರಾ?

ಹಾಡಿನದೂ ಇದೇ ಕಥೆ. ರಾಗಿ ಬೀಸುತ್ತ, ಜೋಳ ಬೀಸುತ್ತ ಹೆಂಗಸರು ಕಟ್ಟಿದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಊರೂರು ಅಲೆದು ಕೂಡಿಸಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಅವರು ಮಾಡದಿದ್ದರೆ ಎಲ್ಲ ಹಿಟ್ಟಿನ ಜೊತೆ ಹೋಗುತ್ತಿತ್ತು, ಅದಕ್ಕೆ ಋಣಿ. ಆ ಗೆಳೆಯರ ಹೆಸರು ಕನ್ನಡ ಎಂ.ಎ. ಮಾಡಿದವರಿಗೆ ಬಾಯಿಪಾಠ. ಗರತಿಯರದು?

ಈ ಗುರುತಿನ ವಿಷಯ ಬಂದಾಗ ಬೆಂಗಳೂರಿನವರೇ ಆದ ಎನ್. ಪುಷ್ಪಮಾಲಾ ಅವರ ಹೆಸರು ಬರಲೇಬೇಕು. ಶಿಲ್ಪ ಕಲಿತು, ಆಮೇಲೆ ತಾವೇ ಶಿಲ್ಪವಾದವರು. ಕ್ಯಾಮೆರಾದ ಮುಂದೆ ತಾವೇ ವೇಷ ಹಾಕಿ ನಿಲ್ಲುತ್ತಾರೆ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರು ಎಂಬ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿ ಅವರೇ, ಬೆಳದಿಂಗಳಲ್ಲಿ ಕೂತ ಸುಂದರಿಯೂ ಅವರೇ, ಪತ್ರಿಕೆಯಲ್ಲಿ ಬಂದ ಕಳ್ಳಿಯ ಫೋಟೋದಲ್ಲಿರುವ ಆರೋಪಿಯೂ ಅವರೇ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ವರ್ಷಗಟ್ಟಲೆ ಕಮಲದ ಮೇಲೆ ನಿಂತಿದ್ದ ಲಕ್ಷ್ಮಿಯ ಜಾಗದಲ್ಲಿ ಪಕ್ಕದ ಮನೆಯವರಂತಿರುವ ಒಬ್ಬ ಹೆಂಗಸು ನಿಂತು ಕಾಲು ನೋವು ಸಹಿಸಿಕೊಂಡಿರುವುದು ಕಂಡಾಗ, ಲಕ್ಷ್ಮಿಗೂ ಕಾಲು ನೋಯುತ್ತಿತ್ತೇನೋ ಎಂದು ಮೊದಲ ಸಲ ಅನ್ನಿಸುತ್ತದೆ. ಅದಕ್ಕೂ ಮುಂಚಿನ ‘ಸುನ್‌ಹರೇ ಸಪ್ನೆ’ಯಲ್ಲಿ ಒಬ್ಬ ಮಧ್ಯಮವರ್ಗದ ಗೃಹಿಣಿ ಇದ್ದಾಳೆ, ಅವಳ ಜೊತೆಗೆ ಅವಳ ಕನಸಿನ ಇನ್ನೊಬ್ಬಳು. ಫೋಟೋಗಳಿಗೆ ಹಳೇ ಕಾಲದಂತೆ ಕೈಯಲ್ಲಿ ಬಣ್ಣ ತುಂಬಿದ್ದಾರೆ.

ನಮ್ಮಮ್ಮನ ಆಲ್ಬಮ್ಮಿನಲ್ಲಿ ಅಂಥದೇ ಒಂದು ಫೋಟೋ ಇದೆ. ಸ್ಟುಡಿಯೋದ ಪರದೆ, ಅದರ ಮೇಲೆ ಬರೆದ ಸರೋವರ, ಪ್ಲಾಸ್ಟಿಕ್ ಹೂವು, ಅಮ್ಮನ ಕೈಯಲ್ಲಿ ಕಪ್ಪು ಟೆಲಿಫೋನು. ನಮ್ಮ ಮನೆಗೆ ಟೆಲಿಫೋನು ಬಂದದ್ದು ಆ ಫೋಟೋ ತೆಗೆಸಿ ಇಪ್ಪತ್ತೆರಡು ವರ್ಷಕ್ಕೆ. ಫೋಟೋದಲ್ಲಿ ಅವಳು ಯಾರ ಜೊತೆಯೋ ಮಾತಾಡುತ್ತ ಮುಗುಳ್ನಗುತ್ತಿದ್ದಾಳೆ. ಯಾರ ಜೊತೆ ಎಂದು ನಾನು ಕೇಳಿಯೇ ಇಲ್ಲ. ಒರಳಿನ ಮುಂದೆ ಕೂತ ಅಮ್ಮನ ಫೋಟೋ ಒಂದೂ ಇಲ್ಲ. ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ. ತೋಚಿದ್ದರೂ ಅವಳು ಒಪ್ಪುತ್ತಿರಲಿಲ್ಲ, ಎದ್ದು ಕೈತೊಳೆದು ಸೀರೆ ಬದಲಾಯಿಸಲು ಹೋಗುತ್ತಿದ್ದಳು. ಪುಷ್ಪಮಾಲಾ ಅವರು 2004ರಲ್ಲಿ ‘ರಾಷ್ಟ್ರೀಯ ಖೀರ್ ಮತ್ತು ದೇಸೀಯ ಸಲಾಡ್’ ಎಂದು ಹಳೆಯ ಅಡುಗೆ ಟಿಪ್ಪಣಿಗಳನ್ನಿಟ್ಟುಕೊಂಡು ಒಂದು ವಿಡಿಯೋ ಮಾಡಿದ್ದಾರೆ ಎಂದು ತಿಳಿದ ಮೇಲೆ ನಾನು ಅಮ್ಮನ ನೋಟ್‌ಬುಕ್ಕು ಹುಡುಕಿ ತೆಗೆದೆ. ಒಂದು ಪುಟದಲ್ಲಿ ಹುಳಿಪುಡಿಯ ಅಳತೆ, ಅದರ ಕೆಳಗೆ ಹಾಲಿನ ಲೆಕ್ಕ, ಅದರ ಪಕ್ಕ ನನಗೆ ಸಿಡುಬಿನ ಲಸಿಕೆ ಹಾಕಿಸಿದ ತಾರೀಕು, ಅದರಡಿ ‘ಮೆಂತ್ಯ ಜಾಸ್ತಿಯಾಯಿತು’. ಆತ್ಮಕಥೆ ಬರೆಯಲು ಇಷ್ಟು ಸಾಕು.

ವಾಪಸು ಬರುವ ರಾತ್ರಿ ರೈಲಿನಲ್ಲಿ ಮಗಳು ಫೋನಿನಲ್ಲಿ ಆರು ನಿಮಿಷದ ಒಂದು ಹಳೆಯ ವಿಡಿಯೋ ತೋರಿಸಿದಳು. 1975ರದು, ಮಾರ್ಥಾ ರೋಸ್ಲರ್ ಎಂಬಾಕೆಯದು. ಆಕೆ ಅಡುಗೆಮನೆಯಲ್ಲಿ ನಿಂತು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಒಂದೊಂದು ಉಪಕರಣವನ್ನೂ ಎತ್ತಿ ಹಿಡಿದು ಹೆಸರು ಹೇಳುತ್ತಾಳೆ. ಮುಖದಲ್ಲಿ ನಗುವಿಲ್ಲ. ಚಾಕು, ಫೋರ್ಕು ಬಂದಾಗ ಗಾಳಿಯನ್ನೇ ತಿವಿಯುತ್ತಾಳೆ, ಸೌಟಿನಲ್ಲಿ ಇಲ್ಲದ ಸಾರನ್ನು ಎತ್ತಿ ಆಚೆ ಎಸೆಯುತ್ತಾಳೆ. ಕೊನೆಯ ಅಕ್ಷರಗಳಿಗೆ ಉಪಕರಣ ಸಿಗದೆ ತನ್ನ ಮೈಕೈಯಲ್ಲೇ ಅಕ್ಷರ ಬರೆದು, ಎಲ್ಲ ಮುಗಿದ ಮೇಲೆ ಭುಜ ಕೊಡವುತ್ತಾಳೆ. ನನಗೆ ಸ್ವಲ್ಪ ಹೆದರಿಕೆಯಾಯಿತು. ಹೆಂಡತಿ ಮಾತ್ರ ಬಿದ್ದು ಬಿದ್ದು ನಕ್ಕಳು. ಕನ್ನಡದಲ್ಲಿ ಮಾಡೋಣ ಎಂದು ಬರ್ತಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

‘ಅ, ಅಕ್ಕಿ. ಆ, ಆರತಿತಟ್ಟೆ. ಇ, ಇಕ್ಕಳ. ಈ, ಈಳಿಗೆಮಣೆ. ಉ, ಉಪ್ಪು. ಊ, ಊದುಕೊಳವೆ.’ ಇಲ್ಲಿಗೆ ಬಂದು ನಿಂತಳು. ಶಾಲೆಯಲ್ಲಿ ಋ ಅಂದರೆ ಋಷಿ ಎಂದು ನಾನು ನೆನಪಿಸಿದೆ. ‘ಅಡುಗೆಮನೆಗೆ ಋಷಿ ಯಾಕೆ? ಬಂದರೆ ಅವನಿಗೂ ಬಡಿಸಬೇಕಾಗುತ್ತೆ’ ಎಂದಳು. ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿ, ‘ಋ, ಋಣ’ ಎಂದಳು. ಆಮೇಲೆ ಸಲೀಸಾಗಿ ‘ಎ, ಎಸರು. ಏ, ಏಲಕ್ಕಿ’ ಎಂದು ಓಡಿದಳು. ಐ ಬಂದಾಗ ‘ಐದು ಗಂಟೆಗೆ ಏಳೋದು’ ಎಂದು ಮೋಸ ಮಾಡಿದಳು. ‘ಒ, ಒರಳು’ ಎಂದವಳೇ ಸುಮ್ಮನಾದಳು. ಔತಣ, ಅಂಬಲಿಗಳನ್ನು ಮಗಳು ಮುಗಿಸಿದಳು.

ಕೊಚ್ಚಿಯ ನೂರ ಎಪ್ಪತ್ತರಲ್ಲಿ ನಮ್ಮ ಕಾಗೆ ಸಿಕ್ಕಿರಲಿಲ್ಲ.

ಇದೆಲ್ಲ ಆಗಿ ಹನ್ನೆರಡು ವರ್ಷವಾಯಿತು. ಈಚೆಗೆ ಪತ್ರಿಕೆಯಲ್ಲಿ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಸುದ್ದಿ ಬಂದಿತ್ತು. 2024ರ ಲೆಕ್ಕ. ಸಂಬಳವಿಲ್ಲದ ಮನೆಕೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಅದೂ ಎಲ್ಲ ಗಂಡಸರಲ್ಲ, ಮನೆಕೆಲಸ ಮಾಡಿದೆ ಎಂದು ಲೆಕ್ಕಕ್ಕೆ ಸಿಕ್ಕವರು ಮಾತ್ರ. 2019ರಲ್ಲಿ ಹೆಂಗಸರದು 299 ಇತ್ತು, ಗಂಡಸರದು 97. ಹೆಂಗಸರದು ಹತ್ತು ನಿಮಿಷ ಕಡಿಮೆಯಾಯಿತಲ್ಲ, ಗಂಡಸರು ಹೊತ್ತುಕೊಂಡರೇನೋ ಎಂದು ಸಂತೋಷಪಡುವಷ್ಟರಲ್ಲಿ ಅವರದೂ ಒಂಬತ್ತು ನಿಮಿಷ ಇಳಿದಿದೆ. ಈ ಲೆಕ್ಕದಲ್ಲಿ ನಾನೆಲ್ಲಿದ್ದೇನೆ ನೋಡೋಣ ಎಂದು ಒಂದು ಚೀಟಿ ತೆಗೆದುಕೊಂಡು ಕೂತೆ. ತೆಂಗಿನಕಾಯಿ ಒಡೆಯುವುದು, ಮೂರು ನಿಮಿಷ. ಒಡೆದ ಕಾಯಿಯ ನೀರು ಕುಡಿಯುವುದು, ಎರಡು. ಸೂಜಿಗೆ ದಾರ, ವಾರಕ್ಕೊಂದು ಸಲ. ಪೇಪರು ಮಡಿಸಿಡುವುದು. ಸಂಜೆ ತರಕಾರಿ ತರುವುದು ನಲವತ್ತು ನಿಮಿಷ, ಅದರಲ್ಲಿ ಮೂವತ್ತು ಪಾರ್ಕಿನ ಬೆಂಚಿನ ಮೇಲೆ. ಚೀಟಿಯನ್ನು ಹೆಂಡತಿಗೆ ಕೊಟ್ಟೆ. ಅವಳು ಒಗ್ಗರಣೆ ಹಾಕುತ್ತಲೇ ಓದಿ, ಚಿಟಿಕೆ ಹಿಟ್ಟು ತಿಕ್ಕಿ ನೋಡುವವಳಂತೆ ಎರಡು ಬೆರಳಲ್ಲಿ ಅದನ್ನು ಹಿಡಿದು, ‘ಊಹೂಂ’ ಎಂದಳು. ಅತ್ತೆಯಿಂದ ಇದೊಂದನ್ನು ಅವಳು ಯಾವಾಗ ಕಲಿತಳೋ.

ಮೊನ್ನೆ ಒಂದು ಹೊಸ ದರ್ಶಿನಿಯ ಮುಂದೆ ಹಳೆಯ ಒರಳಿನಲ್ಲಿ ನೀರು ತುಂಬಿ ಗುಲಾಬಿ ಪಕಳೆ ತೇಲಿಬಿಟ್ಟಿದ್ದರು. ಇಬ್ಬರೂ ಕಾಫಿ ಬಿಟ್ಟು ಅದರ ಅಂಚು ಸುತ್ತಿ ನೋಡಿದೆವು. ಆದ್ದರಿಂದ ಈ ಪ್ರಬಂಧವನ್ನು ಒಂದು ಪ್ರಕಟಣೆಯೆಂದೂ ಓದಿಕೊಳ್ಳಬಹುದು. ಕಲ್ಲು ಬೂದು ಬಣ್ಣದ್ದು, ಬಾಯಿ ಒಂದೂವರೆ ಅಡಿ ಅಗಲ, ಗುಂಡಿ ಸವೆದು ಆಳವಾಗಿದೆ, ಅಂಚಿನ ಮೇಲೆ ಬಾಲ ಮುರಿದ ಕಾಗೆಯಂಥ ‘ಅ’ ಇದೆ. ಗುಂಡು ನಮ್ಮಲ್ಲೇ ಇದೆ, ಸದ್ಯಕ್ಕೆ ಬಾಲ್ಕನಿಯ ಬಾಗಿಲು ಗಾಳಿಗೆ ಬಡಿಯದಂತೆ ತಡೆದು ಕೂತಿದೆ. ಗ್ಯಾಲರಿಯಲ್ಲೋ, ಹೋಟೆಲ್ಲಿನಲ್ಲೋ, ಮರದ ಕೆಳಗೋ ಕಂಡವರು ದಯವಿಟ್ಟು ಈ ಪತ್ರಿಕೆಗೆ ಒಂದು ಸಾಲು ಬರೆದು ತಿಳಿಸಿ. ಸಾಗಿಸುವ ಕೂಲಿ ನನ್ನದು. ಸಿಕ್ಕ ಮೇಲೆ ತೊಳೆಯುವುದೂ ನಾನೇ ಎಂದು ಸೇರಿಸಲು ಹೆಂಡತಿ ಹೇಳಿದ್ದಾಳೆ.